ಹಳೇ ಪಿಕಪ್ಪಿಗೆ ಗುಜರಿ ಇಂಜಿನ್ನೋ, ಇದ್ದದ್ದನ್ನೇ ಕಟ್ಟಿಸೋದೋ?

ನಮ್ಮ ಚಳ್ಳಕೆರೆ ಸೀಮೆಯ ಒಣಬೇಸಾಯದ ಊರುಗಳಲ್ಲಿ ಈಗ ಬೀದಿಗೊಂದಾದರೂ ಪಿಕಪ್ ಗಾಡಿ ಇದೆ. ಈರುಳ್ಳಿ ಯಶವಂತಪುರಕ್ಕೆ ಹೋಗಬೇಕು, ಶೇಂಗಾ ಮಂಡಿಗೆ ಹೋಗಬೇಕು, ಬೇಸಿಗೆಯಲ್ಲಿ ಕುರಿಗೆ ಮೇವು ಬರಬೇಕು. ಮಳೆ ಕೈಕೊಟ್ಟ ವರ್ಷ ಹೊಲದ ಆದಾಯಕ್ಕಿಂತ ಗಾಡಿ ಬಾಡಿಗೆಯೇ ಮನೆ ನಡೆಸಿದ್ದೂ ಉಂಟು. ಆದರೆ ನಮ್ಮಂಥವರು ಕೊಂಡದ್ದು ಹೊಸ ಗಾಡಿಯಲ್ಲ. ಹತ್ತು ಹನ್ನೆರಡು ವರ್ಷ ಬೇರೆಯವರ ಕೈಲಿ ಓಡಿ ಬಂದದ್ದು. ಒಂದು ದಿನ ಹೊಗೆ ಜಾಸ್ತಿಯಾಗುತ್ತೆ, ಏರಿನಲ್ಲಿ ಎಳೆಯೋದಿಲ್ಲ, ಆಯಿಲ್ ಕುಡಿಯುತ್ತೆ. ಮೇಸ್ತ್ರಿ ಬಾನೆಟ್ ಎತ್ತಿ ನೋಡಿ, "ಯಜಮಾನ್ರೇ, ಇಂಜಿನ್ನು ಬೋರಿಗೆ ಬಂದೈತೆ" ಅಂತಾರೆ.

ಇಲ್ಲಿಂದ ಎರಡು ದಾರಿ. ಗುಜರಿಯಿಂದ ಒಂದು ಓಡುವ ಇಂಜಿನ್ನು ತಂದು ಕೂರಿಸೋದು ಒಂದು. ಇದ್ದ ಇಂಜಿನ್ನನ್ನೇ ಬಿಚ್ಚಿ, ಸವೆದದ್ದನ್ನು ಬದಲಿಸಿ ಕಟ್ಟಿಸೋದು ಇನ್ನೊಂದು. ಎರಡಕ್ಕೂ ಐವತ್ತು ಸಾವಿರದ ಆಜುಬಾಜು ಖರ್ಚು. ನಮ್ಮಲ್ಲಿ ಹೆಚ್ಚಿನವರು ಇದನ್ನು ತೀರ್ಮಾನ ಮಾಡೋದು ಟೀ ಅಂಗಡಿ ಮಾತಿನ ಮೇಲೆ. ಎತ್ತು ಕೊಳ್ಳುವಾಗ ಹಲ್ಲು ನೋಡಿ, ನಡೆಸಿ ನೋಡಿ, ನೊಗ ಹೂಡಿ ನೋಡುವ ನಾವು, ಇಂಜಿನ್ನು ಕೊಳ್ಳುವಾಗ ಬಣ್ಣ ನೋಡಿ ದುಡ್ಡು ಎಣಿಸುತ್ತೇವೆ. ಅಳತೆ ಮಾಡಿ ತೀರ್ಮಾನಿಸುವುದು ಹೇಗೆ ಅಂತ ಈ ಬರಹದಲ್ಲಿ ತಿಳಿಸುತ್ತೇನೆ. ನಾನು ಓದಿದ್ದು ಏಳನೇ ಕ್ಲಾಸು. ಇಲ್ಲಿ ಬರುವ ಲೆಕ್ಕ ಅಷ್ಟು ಓದಿದವರು ಮಾಡುವಂಥದ್ದೇ.

ನನ್ನದು 2011ರ ಮಾಡೆಲ್ ಮಹೀಂದ್ರಾ ಡಿಐ ಪಿಕಪ್, 2523 ಸಿಸಿ, ನಾಲ್ಕು ಸಿಲಿಂಡರು. 2023ರ ಬೇಸಿಗೆಯಲ್ಲಿ ಅದರ ಇಂಜಿನ್ನು ಕಟ್ಟಿಸಿದೆ. ಅದೇ ವರ್ಷ ನನ್ನ ಭಾಮೈದ ಅಂಥದ್ದೇ ಗಾಡಿಗೆ ಗುಜರಿ ಇಂಜಿನ್ನು ಹಾಕಿಸಿದ. ಇಬ್ಬರ ತೀರ್ಮಾನವೂ ಸರಿಯೇ. ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತೆ.

ಮೊದಲು ಗಾಡಿ, ಆಮೇಲೆ ಇಂಜಿನ್ನು

ಇಂಜಿನ್ನಿಗೆ ದುಡ್ಡು ಹಾಕುವ ಮುಂಚೆ ಉಳಿದ ಗಾಡಿ ಅದಕ್ಕೆ ತಕ್ಕದ್ದೇ ಅಂತ ನೋಡಬೇಕು. ಚಾಸಿಗೆ ತುಕ್ಕು ಹಿಡಿದಿದೆಯೇ, ಬೆಸುಗೆ ಬಿದ್ದಿದೆಯೇ, ಗೇರ್ ಬಾಕ್ಸು ಮತ್ತು ಹಿಂದಿನ ಹೌಸಿಂಗು ಸದ್ದು ಮಾಡುತ್ತವೆಯೇ, ಎಲ್ಲಾ ನೋಡಿ. ಬಾಡಿಗೆ ಗಾಡಿಗೆ ಎಂಟು ವರ್ಷ ತುಂಬಿದ ಮೇಲೆ ಎಫ್.ಸಿ. ಪ್ರತಿ ವರ್ಷ ಮಾಡಿಸಬೇಕು. ಹದಿನೈದು ವರ್ಷ ದಾಟಿದ ಗಾಡಿಗಳ ಎಫ್.ಸಿ. ಶುಲ್ಕವನ್ನು 2022ರ ಏಪ್ರಿಲ್ 1ರಿಂದ ಬಹಳ ಏರಿಸಿದ್ದಾರೆ. ನಿಮ್ಮ ಗಾಡಿಗೆ ಎಷ್ಟಾಗುತ್ತೆ ಅಂತ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಿರಿ. ನನ್ನ ಗಾಡಿಗೆ ಹದಿನೈದು ತುಂಬಲು ಇನ್ನೂ ಮೂರು ವರ್ಷ ಇತ್ತು, ಚಾಸಿ ಗಟ್ಟಿ ಇತ್ತು. ಹಾಗಾಗಿ ಮುಂದುವರಿದೆ.

ಹೊಗೆ ನೋಡಿ ಇಂಜಿನ್ನು ಇಳಿಸಬೇಡಿ

ಹೊಗೆ ಬಂತು ಅಂದಾಕ್ಷಣ ಇಂಜಿನ್ನು ಸತ್ತಿತು ಅಂತಲ್ಲ. ಹೊಗೆಯ ಬಣ್ಣಕ್ಕೆ ಅರ್ಥವಿದೆ.

ಕಪ್ಪು ಹೊಗೆ: ಡೀಸೆಲ್ ಜಾಸ್ತಿ ಅಥವಾ ಗಾಳಿ ಕಡಿಮೆ. ಏರ್ ಫಿಲ್ಟರು ಕಟ್ಟಿರಬಹುದು, ಇಂಜೆಕ್ಟರು ಸೋರುತ್ತಿರಬಹುದು, ಟರ್ಬೋ ಇದ್ದರೆ ಅದರ ಪೈಪು ಸೀಳಿರಬಹುದು. ಇದಕ್ಕೆ ಬೋರು ಬೇಕಿಲ್ಲ.

ಬಿಳಿ ಹೊಗೆ: ಚಳಿಗಾಲದ ಬೆಳಿಗ್ಗೆ ಸ್ವಲ್ಪ ಹೊತ್ತು ಬಂದರೆ ಉರಿಯದ ಡೀಸೆಲ್ಲು. ಇಂಜಿನ್ನು ಕಾದ ಮೇಲೂ ಬರುತ್ತಿದ್ದು, ರೇಡಿಯೇಟರಿನಲ್ಲಿ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟೋ ಹೆಡ್ಡಿನ ಬಿರುಕೋ ಇರಬಹುದು.

ನೀಲಿ ಹೊಗೆ: ಆಯಿಲ್ ಉರಿಯುತ್ತಿದೆ. ರಿಂಗು, ಬೋರು, ವಾಲ್ವ್ ಗೈಡು, ಟರ್ಬೋ, ಈ ನಾಲ್ಕರಲ್ಲಿ ಯಾವುದೋ ಒಂದು.

ಹಾಗಾಗಿ ಮೊದಲು ಅಗ್ಗದ ಕೆಲಸ ಮಾಡಿಸಿ. ಏರ್ ಫಿಲ್ಟರು ಹೊಸದು ಹಾಕಿ, ಟ್ಯಾಪೆಟ್ ಸಂದು ಸರಿ ಮಾಡಿಸಿ, ಇಂಜೆಕ್ಟರುಗಳನ್ನು ಬಿಚ್ಚಿ ಪಂಪಿನ ಅಂಗಡಿಯಲ್ಲಿ ಟೆಸ್ಟ್ ಮಾಡಿಸಿ. ಡೀಸೆಲ್ ಪಂಪಿನ ಕೆಲಸ ಮಾತ್ರ ಟೆಸ್ಟಿಂಗ್ ಬೆಂಚು ಇರುವ ಅಂಗಡಿಯಲ್ಲೇ ಆಗಬೇಕು. ಬೆಂಗಳೂರಿನ ಮೈಕೋ ಕಂಪನಿ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡರೂ ನಮ್ಮ ಮೇಸ್ತ್ರಿಗಳ ಬಾಯಲ್ಲಿ ಅದು ಇನ್ನೂ ಮೈಕೋ ಪಂಪೇ. ಇಷ್ಟಕ್ಕೇ ಎಷ್ಟೋ ಗಾಡಿ ಸರಿಹೋಗುತ್ತವೆ.

ಇಷ್ಟು ಮಾಡಿಯೂ ಸರಿಹೋಗದಿದ್ದರೆ ಎರಡು ಪರೀಕ್ಷೆ ಇವೆ.

ಒಂದು, ಬ್ಯಾಕ್ ಕಂಪ್ರೆಷನ್. ಇಂಜಿನ್ನು ಕಾದ ಮೇಲೆ ಸ್ಲೋ ಓಡುವಾಗ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಅದನ್ನು ತಿರುವಿ ಬಾಯಿಯ ಮೇಲೆ ಸುಮ್ಮನೆ ಇಡಿ. ಸ್ವಲ್ಪ ಕುಣಿದರೆ ಹಳೇ ಇಂಜಿನ್ನಿಗೆ ಅದು ಸಹಜ. ಮುಚ್ಚಳ ಹಾರಿ ಬಿದ್ದು, ಬೀಡಿ ಹೊಗೆಯಂತೆ ಬುಸುಬುಸು ಬಂದರೆ ಉರಿದ ಗಾಳಿ ರಿಂಗು ದಾಟಿ ಕೆಳಗೆ ಇಳಿಯುತ್ತಿದೆ ಅಂತ.

ಎರಡು, ಕಂಪ್ರೆಷನ್ ಗೇಜು. ಒಂದೊಂದೇ ಇಂಜೆಕ್ಟರಿನ ಜಾಗಕ್ಕೆ ಡೀಸೆಲ್ಲಿನ ಗೇಜು ಹಾಕಿ ಸೆಲ್ಫ್ ಹೊಡೆದು ನೋಡೋದು. ನಾಲ್ಕೂ ಸಿಲಿಂಡರಿನ ಅಂಕಿ ಬರೆದುಕೊಳ್ಳಿ. ಒಟ್ಟು ಅಂಕಿಗಿಂತ ನಾಲ್ಕರ ನಡುವಿನ ವ್ಯತ್ಯಾಸ ಮುಖ್ಯ. ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಅಂತರ ಇದ್ದರೆ ಹೆಡ್ಡು ತೆಗೆಯಬೇಕು. ಪೆಟ್ರೋಲ್ ಗಾಡಿಯಲ್ಲಿ ಮಾಡುವಂತೆ ಸಿಲಿಂಡರಿಗೆ ಆಯಿಲ್ ಸುರಿದು ನೋಡುವ ಅಭ್ಯಾಸ ಡೀಸೆಲ್ಲಿಗೆ ಬೇಡ. ನನ್ನ ಇಂಜಿನ್ನಿನ ಒಂದು ಸಿಲಿಂಡರು ಸುಮಾರು 630 ಸಿಸಿ. ಕಂಪ್ರೆಷನ್ ಹದಿನೆಂಟಕ್ಕೆ ಒಂದು ಅಂತ ಇಟ್ಟುಕೊಂಡರೆ, ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 37 ಸಿಸಿ ಮಾತ್ರ, ಅಂದರೆ ಏಳೆಂಟು ಚಮಚ. ಆಯಿಲನ್ನು ಗಾಳಿಯಂತೆ ಒತ್ತಲು ಆಗೋದಿಲ್ಲ. ಅಷ್ಟು ಜಾಗ ತುಂಬಿದರೆ ಕನೆಕ್ಟಿಂಗ್ ರಾಡು ಬಗ್ಗುತ್ತೆ.

ಹಳೇ ರಿಂಗಿನಿಂದ ಬೋರು ಅಳೆಯುವುದು

ಹೆಡ್ಡು ತೆಗೆದ ಮೇಲೆ ಬೆರಳಿನಿಂದ ಬೋರಿನ ಮೇಲ್ಭಾಗ ಮುಟ್ಟಿ ನೋಡಿ. ರಿಂಗು ಓಡಾಡದ ತುದಿಯಲ್ಲಿ ಒಂದು ಅಂಚು ಸಿಗುತ್ತೆ. ಅದು ಉಗುರಿಗೆ ತಡೆಯುವಷ್ಟು ಇದ್ದರೆ ಬೋರು ಸವೆದಿದೆ. ಎಷ್ಟು ಸವೆದಿದೆ ಅನ್ನೋದಕ್ಕೆ ಬೋರಿಂಗ್ ಅಂಗಡಿಯಲ್ಲಿ ಬೋರ್ ಗೇಜು ಇರುತ್ತೆ. ಆದರೆ ಅಲ್ಲಿಗೆ ಹೋಗುವ ಮುಂಚೆಯೇ ನಾವು ತಿಳಿದುಕೊಳ್ಳಬಹುದು. ಬೇಕಾದ್ದು ಒಂದು ಹಳೇ ಕಂಪ್ರೆಷನ್ ರಿಂಗು, ಒಂದು ಫೀಲರ್ ಗೇಜು.

ಈ ಇಂಜಿನ್ನಿನ ಬೋರು 88.9 ಮಿ.ಮೀ., ಸ್ಟ್ರೋಕು 101.6 ಮಿ.ಮೀ. ಅಂದರೆ ಸರಿಯಾಗಿ ಮೂರೂವರೆ ಇಂಚು, ನಾಲ್ಕು ಇಂಚು. ಮೇಸ್ತ್ರಿಗಳ ಲೆಕ್ಕವೂ ಇಂಚಿನಲ್ಲೇ. ಇಂಚಿನ ಸಾವಿರದ ಒಂದು ಭಾಗಕ್ಕೆ ಅವರು 'ತೌ' ಅಂತಾರೆ.

ಪಿಸ್ಟನ್ನಿನಿಂದ ಬಿಡಿಸಿದ ರಿಂಗನ್ನು ಬರೀ ಬೋರಿನೊಳಗೆ ಇಳಿಸಿ, ಪಿಸ್ಟನ್ನಿನ ತಲೆಯಿಂದ ಒತ್ತಿ, ಸೊಟ್ಟ ಆಗದಂತೆ ಕೆಳತುದಿಗೆ ಕೂರಿಸಿ. ಕೆಳಗಡೆ ರಿಂಗು ಓಡಾಡದ ಜಾಗ ಸವೆದಿರೋದಿಲ್ಲ. ರಿಂಗಿನ ಎರಡು ತುದಿಗಳ ಸಂದಿಗೆ ಫೀಲರ್ ಗೇಜು ಹಾಕಿ ಅಳೆಯಿರಿ. ಆಮೇಲೆ ಅದೇ ರಿಂಗನ್ನು ಮೇಲಕ್ಕೆ, ಅಂಚಿನ ಸ್ವಲ್ಪ ಕೆಳಗೆ ಕೂರಿಸಿ ಅಳೆಯಿರಿ. ದೊಡ್ಡ ಅಂಕಿಯಲ್ಲಿ ಚಿಕ್ಕದನ್ನು ಕಳೆದು, ಬಂದದ್ದನ್ನು 3.14ರಿಂದ ಭಾಗಿಸಿ. ಅದೇ ಬೋರಿನ ಸವೆತ. ಬೋರು ಒಂದು ತೌ ಅಗಲವಾದರೆ ಸುತ್ತಳತೆ ಮೂರು ತೌ ಚಿಲ್ಲರೆ ಹೆಚ್ಚುತ್ತೆ, ಶಾಲೆಯಲ್ಲಿ ಕಲಿತ ವೃತ್ತದ ಲೆಕ್ಕ ಅಷ್ಟೇ. ವ್ಯತ್ಯಾಸ ಮಾತ್ರ ಬೇಕಾಗಿರೋದರಿಂದ ಹಳೇ ರಿಂಗೇ ಆದೀತು.

ನನ್ನ ಒಂದನೇ ಸಿಲಿಂಡರಿನಲ್ಲಿ ಕೆಳಗೆ 16 ತೌ, ಮೇಲೆ 38 ತೌ ಬಂತು. ವ್ಯತ್ಯಾಸ 22. ಭಾಗಿಸಿದರೆ ಏಳು ತೌ. ಬೋರಿಂಗ್ ಅಂಗಡಿಯ ಗೇಜೂ ಅದನ್ನೇ ತೋರಿಸಿತು. ಆ ಮೇಸ್ತ್ರಿಯ ಕೈಲೆಕ್ಕ ಹೀಗೆ: ಇಷ್ಟು ಅಗಲದ ಬೋರು ಐದು ತೌ ಮೀರಿ ಸವೆದಿದ್ದರೆ ಬರೀ ರಿಂಗು ಹಾಕಿ ಪ್ರಯೋಜನ ಇಲ್ಲ. ಕಂಪನಿ ಪುಸ್ತಕ ಸಿಕ್ಕರೆ ಅದರಲ್ಲಿರುವ ಮಿತಿಯನ್ನೇ ನಂಬಿ.

ಸವೆದ ಬೋರಿಗೆ ಎರಡು ಉಪಾಯ. ಹತ್ತು, ಇಪ್ಪತ್ತು, ಮೂವತ್ತು ತೌ ಅಂತ ಮುಂದಿನ ಸೈಜಿಗೆ ಬೋರು ಹೊಡೆದು ದೊಡ್ಡ ಪಿಸ್ಟನ್ ಹಾಕುವುದು, ಇಲ್ಲವೇ ಸ್ಲೀವು ಬದಲಿಸಿ ಮೂಲ ಸೈಜಿಗೆ ತರುವುದು. ಕೆಲವು ಇಂಜಿನ್ನಿಗೆ ಒಣ ಸ್ಲೀವು, ಕೆಲವಕ್ಕೆ ನೀರು ತಾಗುವ ಸ್ಲೀವು, ಕೆಲವಕ್ಕೆ ಸ್ಲೀವೇ ಇರೋದಿಲ್ಲ. ನಿಮ್ಮದು ಯಾವುದು ಅಂತ ಬೋರಿಂಗ್ ಅಂಗಡಿಯವರು ಹೇಳುತ್ತಾರೆ. ಪಿಸ್ಟನ್ನು ಕೈಗೆ ಬಂದ ಮೇಲೆಯೇ ಬೋರು ಹೊಡೆಸಬೇಕು. ಪ್ರತಿ ಪಿಸ್ಟನ್ನನ್ನು ಅಳೆದು ಅದಕ್ಕೆ ತಕ್ಕ ಸಂದು ಬಿಟ್ಟು ಹೊಡೆಯುವವನೇ ಒಳ್ಳೆ ಮೇಸ್ತ್ರಿ.

ಕ್ರ್ಯಾಂಕು, ಬ್ಲಾಕು, ಹೆಡ್ಡು

ತೀರ್ಮಾನಕ್ಕೆ ಬರುವ ಮುಂಚೆ ಈ ಮೂರನ್ನು ನೋಡಬೇಕು. ಪಿಸ್ಟನ್, ರಿಂಗು, ಬೇರಿಂಗು ಸವೆಯಲೆಂದೇ ಇರುವ ಸಾಮಾನು, ಹೊಸದು ಸಿಗುತ್ತವೆ. ಈ ಮೂರು ಕೆಟ್ಟಿದ್ದರೆ ಲೆಕ್ಕವೇ ಬದಲಾಗುತ್ತೆ.

ಕ್ರ್ಯಾಂಕು: ಬೇರಿಂಗು ಕೂರುವ ಜಾಗದಲ್ಲಿ ಉಗುರು ಆಡಿಸಿ. ಗೆರೆ ತಡೆದರೆ ಗ್ರೈಂಡಿಂಗ್ ಬೇಕು. ಹತ್ತು, ಇಪ್ಪತ್ತು ತೌ ಹೀಗೆ ಗ್ರೈಂಡಿಂಗ್ ಮಾಡಿ ಅದಕ್ಕೆ ತಕ್ಕ ದಪ್ಪ ಬೇರಿಂಗು ಹಾಕುತ್ತಾರೆ. ಮೊದಲೇ ಎಷ್ಟು ಗ್ರೈಂಡಿಂಗ್ ಆಗಿದೆ ಅಂತ ಹಳೇ ಬೇರಿಂಗಿನ ಬೆನ್ನ ಮೇಲೆ ಒತ್ತಿರುತ್ತಾರೆ. ಕೊನೇ ಸೈಜಿಗೆ ಬಂದಿದ್ದರೆ ಬೇರೆ ಕ್ರ್ಯಾಂಕು ಬೇಕು. ಬಿರುಕು ನೋಡಿಸೋದನ್ನು ಬಿಡಬೇಡಿ.

ಬ್ಲಾಕು: ರಾಡು ಮುರಿದು ತೂತು ಬಿದ್ದಿದ್ದರೆ, ನೀರಿನ ದಾರಿ ಬಿರುಕು ಬಿಟ್ಟಿದ್ದರೆ ಆ ಬ್ಲಾಕಿಗೆ ದುಡ್ಡು ಹಾಕಬೇಡಿ.

ಹೆಡ್ಡು: ನೇರ ಪಟ್ಟಿ ಇಟ್ಟು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಫೀಲರ್ ಗೇಜು ತೂರಿಸಿ. ನಾಲ್ಕು ತೌ ಗೇಜು ಸಲೀಸಾಗಿ ತೂರಿದರೆ ಫೇಸಿಂಗ್ ಬೇಕು. ವಾಲ್ವು ಕೂರಿಸಿ, ಹೆಡ್ಡು ಬೋರಲು ಹಾಕಿ, ಗುಳಿಗೆ ಸೀಮೆಎಣ್ಣೆ ಅಥವಾ ಡೀಸೆಲ್ ಬಿಡಿ. ಪೋರ್ಟಿನ ಕಡೆ ಒದ್ದೆ ಕಂಡರೆ ಆ ವಾಲ್ವು ಸೋರುತ್ತೆ. ಬಿರುಕಿನ ಅನುಮಾನ ಇದ್ದರೆ ಪ್ರೆಷರ್ ಟೆಸ್ಟ್ ಮಾಡಿಸಿ.

ನನ್ನದರಲ್ಲಿ ಬ್ಲಾಕು ಗಟ್ಟಿ, ಹೆಡ್ಡಿನಲ್ಲಿ ಬಿರುಕಿಲ್ಲ, ಕ್ರ್ಯಾಂಕಿಗೆ ಹತ್ತು ತೌ ಸಾಕಾಯಿತು. ಭಾಮೈದನ ಗಾಡಿಯಲ್ಲಿ ಹಿಂದಿನ ಮಾಲೀಕರ ಕಾಲದಿಂದ ಸವೆದಿದ್ದ ರಾಡು ಬೇರಿಂಗು ಹಿಡಿದು, ರಾಡು ಮುರಿದು ಬ್ಲಾಕಿನಲ್ಲಿ ಕೈ ತೂರುವಷ್ಟು ತೂತು ಬಿದ್ದಿತ್ತು, ಕ್ರ್ಯಾಂಕೂ ಹಾಳು. ಅವನಿಗೆ ಗುಜರಿ ಇಂಜಿನ್ನೇ ದಾರಿ, ನನಗೆ ಕಟ್ಟಿಸೋದೇ ದಾರಿ. ಇಬ್ಬರ ಹೊಗೆಯೂ ಒಂದೇ ಬಣ್ಣದ್ದಾಗಿತ್ತು. ಬಿಚ್ಚಿ ನೋಡಿದ ಮೇಲೆ ತಾನೇ ಬೇರೆ ಅಂತ ಗೊತ್ತಾದದ್ದು.

ಖರ್ಚಿನ ಲೆಕ್ಕ

ನಾನು ಬರೆದಿಟ್ಟ ಖರ್ಚು ಇದು. ಊರಿಂದೂರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತೆ.

ಸ್ಲೀವು, ಪಿಸ್ಟನ್, ರಿಂಗು ಕಿಟ್ - ರೂ. 14,500
ಬೇರಿಂಗ್ ಸೆಟ್ - ರೂ. 3,800
ಕ್ರ್ಯಾಂಕ್ ಗ್ರೈಂಡಿಂಗ್ - ರೂ. 2,600
ಹೆಡ್ಡಿನ ಕೆಲಸ, ವಾಲ್ವು, ಗೈಡು - ರೂ. 5,200
ಪಂಪು, ಇಂಜೆಕ್ಟರು - ರೂ. 9,000
ಗ್ಯಾಸ್ಕೆಟ್, ಸೀಲು, ಫಿಲ್ಟರು, ಆಯಿಲ್ - ರೂ. 8,400
ರೇಡಿಯೇಟರ್ ಬಿಚ್ಚಿ ಶುದ್ಧ ಮಾಡಿದ್ದು - ರೂ. 2,500
ಮೇಸ್ತ್ರಿ ಕೂಲಿ, ಬೋರಿಂಗ್ ಅಂಗಡಿ ಕೂಲಿ ಸೇರಿ - ರೂ. 12,000
ಒಟ್ಟು - ರೂ. 58,000

ಅದೇ ಸಮಯದಲ್ಲಿ ಗುಜರಿಯವರು ಫುಲ್ ಇಂಜಿನ್ನಿಗೆ ಹೇಳಿದ್ದು 45,000. ಇಳಿಸಿ ಕೂರಿಸುವ ಕೂಲಿ 6,000 ಸೇರಿಸಿ 51,000. ವ್ಯತ್ಯಾಸ ಏಳು ಸಾವಿರ. ಕಟ್ಟಿಸಿದ ಇಂಜಿನ್ನಿನಲ್ಲಿ ಯಾವ ಸಾಮಾನು ಹೊಸದು, ಯಾವುದು ಎಷ್ಟು ಸವೆದಿದೆ ಅಂತ ನನಗೆ ಗೊತ್ತು. ಗುಜರಿ ಇಂಜಿನ್ನಿನಲ್ಲಿ ಗೊತ್ತಿಲ್ಲ. ಗೊತ್ತಿರುವುದಕ್ಕೆ ನಾನು ಕೊಟ್ಟ ಬೆಲೆ ಆ ಏಳು ಸಾವಿರ. ಬ್ಲಾಕೋ ಕ್ರ್ಯಾಂಕೋ ಹೋಗಿದ್ದರೆ ಇದೇ ವ್ಯತ್ಯಾಸ ಮೂವತ್ತು ಸಾವಿರಕ್ಕೆ ಏರುತ್ತಿತ್ತು. ಆಗ ನಾನೂ ಗುಜರಿಗೇ ಹೋಗುತ್ತಿದ್ದೆ.

ಗುಜರಿಗೆ ಹೋದಾಗ

ಬೆಂಗಳೂರಿನ ಶಿವಾಜಿನಗರದ ಗುಜರಿಗೋ ಹತ್ತಿರದ ಪಟ್ಟಣದ ಗುಜರಿಗೋ ಹೋಗುವಾಗ ಒಬ್ಬ ಮೇಸ್ತ್ರಿಯನ್ನು ಕೂಲಿ ಕೊಟ್ಟು ಕರೆದುಕೊಂಡು ಹೋಗಿ. "ಎತ್ತಿ ಕೂರಿಸಿ, ಓಡಿಸಿ, ಅಷ್ಟೇ" ಅನ್ನುವ ಮಾತಿಗೆ ಬೆಲೆ ಇಲ್ಲ. ಭಾಮೈದನ ಜೊತೆ ಹೋದಾಗ ನಾವು ನೋಡಿದ್ದು ಇವು:

1. ಕಾಗದ. ಇಂಜಿನ್ ನಂಬರು ಆರ್.ಸಿ.ಯಲ್ಲಿ ಇರುತ್ತೆ. ಆ ಇಂಜಿನ್ನು ಯಾವ ಗಾಡಿಯದ್ದು, ಆ ಗಾಡಿಯ ಆರ್.ಸಿ. ರದ್ದಾಗಿದೆಯೇ, ಅದರ ಪ್ರತಿ ಕೊಡುತ್ತಾರೆಯೇ ಕೇಳಿ. ಬಿಲ್ಲಿನಲ್ಲಿ ಇಂಜಿನ್ ನಂಬರು ಬರೆಸಿ. ಬ್ಲಾಕಿನ ಮೇಲಿನ ನಂಬರನ್ನು ಉಜ್ಜಿದ ಅಥವಾ ಮತ್ತೆ ಕುಟ್ಟಿದ ಗುರುತು ಇದ್ದರೆ ಎಷ್ಟು ಅಗ್ಗವಾದರೂ ಬೇಡ. ಕಳವಿನ ಮಾಲಾದರೆ ಇಂಜಿನ್ನೂ ಹೋಗುತ್ತೆ, ಠಾಣೆ ಅಲೆದಾಟವೂ ಬರುತ್ತೆ.

2. ಅದೇ ಜಾತಿಯದ್ದೇ. 2017ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಿ.ಎಸ್.-4, 2020ರ ಏಪ್ರಿಲ್ 1ರಿಂದ ಬಿ.ಎಸ್.-6 ಬಂತು. ಹೊಸ ಇಂಜಿನ್ನುಗಳಲ್ಲಿ ಕಂಪ್ಯೂಟರು, ಸೆನ್ಸರು, ಕಾಮನ್ ರೈಲ್ ಇರುತ್ತವೆ. ಮೈಕೋ ಪಂಪಿನ ಹಳೇ ಗಾಡಿಗೆ ಅವು ಕೂರೋದಿಲ್ಲ. ಟಾಟಾ 207 ಡಿಐ ಇಂಜಿನ್ನು 2956 ಸಿಸಿ, ಅದರ ಮೌಂಟಿಂಗು, ಬೆಲ್ ಹೌಸಿಂಗು ಬೇರೆ. ಜಾಸ್ತಿ ಶಕ್ತಿ ಅಂತ ಬೇರೆ ಕಂಪನಿಯದನ್ನು ಹಾಕಿಸುವ ಆಸೆ ಬೇಡ.

3. ತಣ್ಣಗಿರುವಾಗ ಸ್ಟಾರ್ಟು. ಹೋದ ತಕ್ಷಣ ಬ್ಲಾಕು ಮುಟ್ಟಿ ನೋಡಿ. ಬೆಚ್ಚಗಿದ್ದರೆ ನಾವು ಬರುವ ಮುಂಚೆಯೇ ಓಡಿಸಿದ್ದಾರೆ. ಆರಲು ಬಿಟ್ಟು ಆಮೇಲೆ ಸ್ಟಾರ್ಟ್ ಮಾಡಿಸಿ.

4. ಓಡಿಸಲು ಸಾಧ್ಯವಿಲ್ಲದಿದ್ದರೆ ಕೈಯಿಂದ ತಿರುಗಿಸಿ. ಮುಂದಿನ ಪುಲ್ಲಿಯ ಬೋಲ್ಟಿಗೆ ಉದ್ದನೆ ಪಾನಾ ಹಾಕಿ ಎರಡು ಪೂರ್ತಿ ಸುತ್ತು ತಿರುಗಿಸಿ. ಎರಡು ಸುತ್ತಿನಲ್ಲಿ ನಾಲ್ಕೂ ಸಿಲಿಂಡರು ಒಂದೊಂದು ಸಲ ಒತ್ತಬೇಕು, ಅಂದರೆ ಅರ್ಧ ಸುತ್ತಿಗೊಂದು ತಡೆ ಸಿಗಬೇಕು. ನಾಲ್ಕು ತಡೆಯೂ ಒಂದೇ ಬಿಗಿ ಇರಬೇಕು. ಒಂದು ಸಡಿಲ ಇದ್ದರೆ ಆ ಸಿಲಿಂಡರಿಗೆ ಕಾಯಿಲೆ.

5. ಆಯಿಲ್. ಕೆಳಗಿನ ಬೋಲ್ಟು ಬಿಚ್ಚಿ ಸ್ವಲ್ಪ ಹಿಡಿಯಿರಿ. ಹಾಲು ಹಾಕಿದ ಕಾಫಿಯಂತಿದ್ದರೆ ನೀರು ಸೇರಿದೆ. ಮಿನುಗುವ ಪುಡಿ ಇದ್ದರೆ ಬೇರಿಂಗು ಹೋಗಿದೆ. ಮಾಮೂಲಿಗಿಂತ ಬಹಳ ಮಂದ ಇದ್ದರೆ ಸದ್ದು ಅಡಗಿಸಲು ಗೇರ್ ಆಯಿಲ್ ಬೆರೆಸಿರಬಹುದು.

6. ಬಣ್ಣ. ಹೊಸ ಬಣ್ಣ ಬಳಿದ ಬ್ಲಾಕಿನಲ್ಲಿ ಬಿರುಕು ಕಾಣೋದಿಲ್ಲ. ಹೆಡ್ಡು ಮತ್ತು ಬ್ಲಾಕು ಸೇರುವ ಗೆರೆ, ನೀರಿನ ಬಿಲ್ಲೆಗಳ ಸುತ್ತ, ಬೆಸುಗೆ ಗುರುತು ಹುಡುಕಿ.

7. ಕ್ರ್ಯಾಂಕಿನ ಆಟ. ಪುಲ್ಲಿಯನ್ನು ಹಿಂದೆ ಮುಂದೆ ಜಗ್ಗಿ. ಕಣ್ಣಿಗೆ ಕಾಣುವಷ್ಟು ಆಡಿದರೆ ಅನುಮಾನ. ಟರ್ಬೋ ಇದ್ದರೆ ಅದರ ಶಾಫ್ಟು ಅಲುಗಾಡಿಸಿ, ರೆಕ್ಕೆ ಗೋಡೆಗೆ ತಾಗಬಾರದು.

8. ಚೇಂಬರ್ ಬಿಚ್ಚಿ ಒಂದು ಮೇನ್ ಬೇರಿಂಗು, ಒಂದು ರಾಡ್ ಬೇರಿಂಗು ನೋಡಲು ಒಪ್ಪಿಗೆ ಕೇಳಿ. ಒಪ್ಪಿದರೆ ಅರ್ಧ ನಂಬಿಕೆ ಬಂತು. ಒಪ್ಪದಿದ್ದರೆ ಮುಂದಿನ ಅಂಗಡಿ.

9. ಏನೇನು ಸೇರಿದೆ? ಪಂಪು, ಇಂಜೆಕ್ಟರು, ಸೆಲ್ಫು, ಆಲ್ಟರ್ನೇಟರು, ಫ್ಲೈವೀಲು ಇದ್ದರೆ ಫುಲ್ಲು, ಇಲ್ಲದಿದ್ದರೆ ಹಾಫು. ಕೂರಿಸಿ ಓಡಿಸಿದ ಮೇಲೆ ಎಷ್ಟು ದಿನದೊಳಗೆ ದೂರು ಹೇಳಬಹುದು ಅಂತ ಬಿಲ್ಲಿನಲ್ಲೇ ಬರೆಸಿ.

ಭಾಮೈದ ಮೂರು ಇಂಜಿನ್ನು ಬಿಟ್ಟು ನಾಲ್ಕನೆಯದನ್ನು ತೆಗೆದುಕೊಂಡ. ಕೊಂಡ ಮೇಲೂ ಗಾಡಿಗೆ ಕೂರಿಸುವ ಮುಂಚೆ ಹೊಸ ಗ್ಯಾಸ್ಕೆಟ್ಟು, ಸೀಲು ಹಾಕಿ, ಕ್ಲಚ್ ಪ್ಲೇಟು ನೋಡಿಸಿದ. ಆಮೇಲೆ ಮತ್ತೆ ಇಳಿಸಿ ಅದನ್ನೇ ಮಾಡಿದರೆ ಕೂಲಿ ಎರಡು ಸಲ.

ಆರ್.ಟಿ.ಓ. ಕೆಲಸ ಮರೆಯಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂಥ ಬದಲಾವಣೆಗಳ ಬಗ್ಗೆಯೇ ಇದೆ. ಮೊದಲು ಅರ್ಜಿ ಕೊಟ್ಟು ಒಪ್ಪಿಗೆ ಪಡೆದು, ಇಂಜಿನ್ನು ಹಾಕಿದ ಮೇಲೆ ಹದಿನಾಲ್ಕು ದಿನದೊಳಗೆ ಗಾಡಿ ಮತ್ತು ಕಾಗದ ತೋರಿಸಿ ಆರ್.ಸಿ.ಯಲ್ಲಿ ಹೊಸ ನಂಬರು ಹಾಕಿಸಿ. ನಂಬರು ಹೊಂದದ ಗಾಡಿಗೆ ಎಫ್.ಸಿ. ತೊಂದರೆ. ಅಪಘಾತವಾದರೆ ಇನ್ಶೂರೆನ್ಸಿನವರು ತಕರಾರು ತೆಗೆಯಲು ಅದೇ ಸಾಕು. ಇದ್ದ ಇಂಜಿನ್ನನ್ನೇ ಕಟ್ಟಿಸಿದರೆ ನಂಬರು ಬದಲಾಗೋದಿಲ್ಲ, ಈ ಓಡಾಟವೂ ಇಲ್ಲ.

ಕಟ್ಟುವಾಗ ಎದುರಿಗೆ ಇರಿ

ಬೋರು ಹೊಡೆದ ಬ್ಲಾಕಿನಲ್ಲಿ ಕಣ್ಣಿಗೆ ಕಾಣದ ಕಬ್ಬಿಣದ ಪುಡಿ ಇರುತ್ತೆ. ಬಿಸಿನೀರು, ಸೋಪಿನ ಪುಡಿ, ಬ್ರಷ್ಷು ಹಾಕಿ ತೊಳೆದು, ಬಿಳಿ ಬಟ್ಟೆಗೆ ಆಯಿಲ್ ಹಚ್ಚಿ ಬೋರು ಒರೆಸಿ. ಬಟ್ಟೆ ಕಪ್ಪಾದರೆ ಮತ್ತೆ ತೊಳೆಯಬೇಕು. ಆಯಿಲ್ ಹೋಗುವ ದಾರಿಗಳಿಗೆಲ್ಲ ಗಾಳಿ ಹೊಡೆಸಿ. ಹೊಸ ರಿಂಗಿನ ಸಂದನ್ನು ಹಾಕುವ ಮುಂಚೆ ಅಳೆಸಿ. ಇಂಚಿಗೆ ಮೂರರಿಂದ ನಾಲ್ಕು ತೌ ಅನ್ನೋದು ವಾಡಿಕೆ ಲೆಕ್ಕ, ಮೂರೂವರೆ ಇಂಚಿಗೆ ಹತ್ತರಿಂದ ಹದಿನಾಲ್ಕು. ಕಿಟ್ಟಿನ ಚೀಟಿಯಲ್ಲಿ ಬೇರೆ ಇದ್ದರೆ ಅದೇ ಸರಿ. ಹೆಡ್ ಬೋಲ್ಟನ್ನು ನಡುವಿನಿಂದ ಶುರುಮಾಡಿ ಹೊರಕ್ಕೆ, ಮೂರು ನಾಲ್ಕು ಕಂತಿನಲ್ಲಿ, ಟಾರ್ಕ್ ಪಾನಾದಿಂದಲೇ ಬಿಗಿ ಮಾಡಬೇಕು. ಕೈ ಅಂದಾಜು ಸಾಲದು. ಮೊದಲ ಸ್ಟಾರ್ಟಿಗೆ ಮುಂಚೆ ಡೀಸೆಲ್ ಬಂದ್ ಮಾಡಿ, ಆಯಿಲ್ ದೀಪ ಆರುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಸಿ. ಒಣ ಬೇರಿಂಗಿನ ಮೇಲೆ ಸ್ಟಾರ್ಟ್ ಆಗಬಾರದು.

ಮೊದಲ 500 ಕಿ.ಮೀ. ಪೂರ್ತಿ ಲೋಡು ಬೇಡ, ಒಂದೇ ವೇಗದಲ್ಲಿ ಓಡಿಸೋದು ಬೇಡ, ನಿಲ್ಲಿಸಿಕೊಂಡು ಗಂಟೆಗಟ್ಟಲೆ ಸ್ಲೋ ಬಿಡೋದೂ ಬೇಡ. 500ಕ್ಕೆ ಆಯಿಲ್, ಫಿಲ್ಟರು ಬದಲಿಸಿ ಟ್ಯಾಪೆಟ್ ನೋಡಿಸಿ. 1000 ದಾಟಿದ ಮೇಲೆ ನಿಧಾನಕ್ಕೆ ಲೋಡು ಏರಿಸಿ.

ಹಳೇದು ಯಾಕೆ ಸತ್ತಿತು?

ಇದನ್ನು ಕೇಳದೆ ಹೊಸದು ಹಾಕಿದರೆ ಅದೇ ಕಾಯಿಲೆಗೆ ಅದೂ ಹೋಗುತ್ತೆ. ನಮ್ಮ ಸೀಮೆಯಲ್ಲಿ ಎರಡು ಶತ್ರು.

ಒಂದು ಧೂಳು. ಎರಡು ಸುತ್ತಿಗೊಮ್ಮೆ ಇಂಜಿನ್ನು ತನ್ನ ಸಿಸಿಯಷ್ಟು ಗಾಳಿ ಎಳೆಯುತ್ತೆ. ನಿಮಿಷಕ್ಕೆ 2000 ಸುತ್ತು ತಿರುಗಿದರೆ ಸುಮಾರು ಎರಡೂವರೆ ಸಾವಿರ ಲೀಟರ್ ಗಾಳಿ, ಟರ್ಬೋ ಇದ್ದರೆ ಇನ್ನೂ ಹೆಚ್ಚು. ಶೇಂಗಾ ಕಣದ ಹತ್ತಿರ, ಮಣ್ಣು ರಸ್ತೆಯಲ್ಲಿ ಆ ಗಾಳಿ ಹೇಗಿರುತ್ತೆ ಅಂತ ನಮಗೆ ಗೊತ್ತು. ಫಿಲ್ಟರು ಹೊಸದಿದ್ದರೂ ಅದರಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪು ಸೀಳಿದ್ದರೆ ಧೂಳು ನೇರ ಬೋರಿಗೆ. ನನ್ನ ಗಾಡಿಯಲ್ಲಿ ಆ ಪೈಪಿನ ಕೆಳಬದಿ ಕಾಣದ ಜಾಗದಲ್ಲಿ ಒಂದು ಸೀಳು ಸಿಕ್ಕಿತು, ಒಳಗೆಲ್ಲ ಕೆಂಪು ಧೂಳು. ಏಳು ತೌ ಸವೆತಕ್ಕೆ ಕಾರಣ ಅದೇ ಅಂತ ಮೇಸ್ತ್ರಿ ತೋರಿಸಿದರು.

ಎರಡು ಬೋರ್‌ವೆಲ್ ನೀರು. ನಮ್ಮ ಕೊಳವೆಬಾವಿಯ ಗಡಸು ನೀರು ಸ್ನಾನದ ಹಂಡೆಯಲ್ಲಿ ಹೇಗೆ ಬಿಳಿ ಹಕ್ಕಳೆ ಕಟ್ಟುತ್ತೋ ಹಾಗೇ ರೇಡಿಯೇಟರಿನಲ್ಲೂ ಕಟ್ಟುತ್ತೆ. ಹಕ್ಕಳೆ ಬಿಸಿಯನ್ನು ಹೊರಗೆ ಬಿಡೋದಿಲ್ಲ. ಇಂಜಿನ್ನು ಕುದಿದು ಹೆಡ್ಡು ಸೊಟ್ಟಗಾಗುತ್ತೆ. ಇಂಜಿನ್ನು ಹಾಕುವಾಗಲೇ ರೇಡಿಯೇಟರ್ ಶುದ್ಧ ಮಾಡಿಸಿ, ವಾಟರ್ ಪಂಪು, ಥರ್ಮೋಸ್ಟಾಟು ನೋಡಿಸಿ, ಕೂಲೆಂಟ್ ಹಾಕಿ. ಕೂಲೆಂಟಿಗೆ ಬೆರೆಸಲು ಡಿಸ್ಟಿಲ್ಡ್ ವಾಟರ್ ಬಳಸಿ. ದಾರಿಯಲ್ಲಿ ಬೇರೇನೂ ಸಿಗದೆ ಬೋರಿನ ನೀರು ಹಾಕಿದ್ದರೆ ಮನೆಗೆ ಬಂದ ಮೇಲೆ ಬದಲಿಸಿ.

ಯಾವಾಗ ಮಾಡಿಸಬೇಕು?

ಶೇಂಗಾ ಮಾರಿ ಕೈಯಲ್ಲಿ ನಾಲ್ಕು ಕಾಸು ಇರುವಾಗ, ಬಿತ್ತನೆಗೆ ಮುಂಚೆ, ಬೇಸಿಗೆಯಲ್ಲಿ. ಈರುಳ್ಳಿ ಕಿತ್ತು ಹೊಲದಲ್ಲಿ ರಾಶಿ ಇರುವಾಗ ಇಂಜಿನ್ನು ಕೈಕೊಟ್ಟರೆ ಅಳೆಯಲು ಪುರಸೊತ್ತು ಇರೋದಿಲ್ಲ. ಮೋಡ ಕಂಡರೆ ಹೇಳಿದಷ್ಟು ಬೆಲೆ ಕೊಟ್ಟು ಸಿಕ್ಕಿದ ಇಂಜಿನ್ನು ಹಾಕಿಸುತ್ತೇವೆ. ಹಾಗಾಗಿ ಪ್ರತಿ ಸಲ ಹಾಕಿದ ಆಯಿಲ್ಲು, ಓಡಿದ ಕಿಲೋಮೀಟರು ಒಂದು ಪುಸ್ತಕದಲ್ಲಿ ಬರೆಯಿರಿ. ನನ್ನ ಲೆಕ್ಕ ಸಾವಿರ ಕಿಲೋಮೀಟರಿಗೆ ಒಂದು ಲೀಟರು. ಅದನ್ನು ದಾಟಿದ ವರ್ಷ ಬೇಸಿಗೆಗೇ ಹೆಡ್ಡು ತೆಗೆಸಬೇಕು.

ನನ್ನ ಇಂಜಿನ್ನು ಕಟ್ಟಿಸಿದ ಮೇಲಿನ ಮೊದಲ ಹತ್ತು ಸಾವಿರ ಕಿಲೋಮೀಟರಿನಲ್ಲಿ, ಎರಡು ಬದಲಾವಣೆಗಳ ನಡುವೆ ಒಮ್ಮೆಯೂ ಮೇಲಿಂದ ಆಯಿಲ್ ಸುರಿಯಬೇಕಾಗಲಿಲ್ಲ. ಭಾಮೈದನ ಗುಜರಿ ಇಂಜಿನ್ನು ಸ್ವಲ್ಪ ಕುಡಿಯುತ್ತೆ, ಆದರೆ ಬಾಡಿಗೆ ತಪ್ಪಿಸಿಲ್ಲ. ನಿಮ್ಮ ಗಾಡಿಗೆ ಯಾವ ದಾರಿ ಅನ್ನೋದನ್ನು ನಾನೂ ಹೇಳಲಾರೆ, ಟೀ ಅಂಗಡಿಯವರೂ ಹೇಳಲಾರರು. ಒಂದು ಹಳೇ ರಿಂಗು, ಒಂದು ಫೀಲರ್ ಗೇಜು ಹಿಡಿದು ಅಳೆದು ನೋಡಿ, ಅಂಕಿ ಬರೆದುಕೊಂಡು ಆಮೇಲೆ ದುಡ್ಡು ಬಿಚ್ಚಿ.